ಗಂಟೆ ಹೊಡೆದ ಮೇಲಿನ ಇಸ್ತ್ರಿ

ಅಕ್ಕಾ,

ಇಸ್ತ್ರಿ ಪೆಟ್ಟಿಗೆ ಆರಿಸದೆ ಬಂದು, ಲಾಂಡ್ರಿಯೇ ಸುಟ್ಟುಹೋದ ಹಾಗೆ ರಾತ್ರಿ ಕನಸು ಬಿತ್ತು. ಈ ಕಾಗದ ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ: ನೀನು ಕೆಲಸ ಬಿಟ್ಟು ಹೋದಮೇಲೂ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಸೂಪರ್‌ವೈಸರ್ ಕೆಲಸವನ್ನು ನಿನಗೆ ತಪ್ಪಿಸಿ ಮಾಲೀಕರ ಭಾವಮೈದುನನಿಗೆ ಕೊಟ್ಟಾಗ ನೀನು ಜಗಳವಾಡಲಿಲ್ಲ. ಮರುದಿನದಿಂದ ನೀನು ಕೆಲಸ ಮುಗಿಯುವ ಗಂಟೆ ಹೊಡೆದ ಕೂಡಲೇ ಏಪ್ರನ್ ಕಳಚಿ ಹೊರಡುತ್ತಿದ್ದೆ. ನೀನು ಉಳಿಸಿದ ಬೆಡ್‌ಶೀಟುಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು.

ಇವತ್ತು ನಾನೂ ಗಂಟೆಗೆ ಸರಿಯಾಗಿ ಎದ್ದೆ.

"ಏನಮ್ಮಾ, ನಿಂಗೂ ನಿಮ್ಮಕ್ಕನ ಗಾಳಿ ಸೋಕ್ತಾ?" ಅಂದ ಆ ಭಾವಮೈದುನ.

"ಮಗಳು ಕಾಯ್ತಿರ್ತಾಳೆ," ಅಂದೆ.

ಗೇಟಿನವರೆಗೆ ಹೋದವಳು, ಇಸ್ತ್ರಿ ಆರಿಸಿದೆನೋ ಇಲ್ಲವೋ ಅಂತ ವಾಪಸು ಬಂದೆ. ಆರಿಸಿದ್ದೆ. ಆದರೂ ಕೂತು ಎರಡು ಕಂತೆ ಮಡಿಸಿಯೇ ಹೋದೆ. ಮನೆ ಸೇರುವಾಗ ಮಗಳು ನಿದ್ದೆಹೋಗಿದ್ದಳು.

ಗಂಟೆಗೆ ಹೊರಡುವಾಗ ನೀನು ಒಮ್ಮೆಯಾದರೂ ನನ್ನ ಮೇಜಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಾಣಲಿಲ್ಲ. ಗೇಟು ದಾಟಿದ ಮೇಲಾದರೂ ಒಂದು ಸಲ ನೋಡಿದ್ದೆಯಾ, ಅಕ್ಕಾ? ಸರಿಯಾಗಿ ನೆನಪು ಮಾಡಿಕೋ.