ಮಳೆ ಆದ ಮೇಲೆ

ಜುರೆಮಾ ಅಕ್ಕಾ,

ನಿನ್ನ ಕಪ್ಪು ಕೊಡೆ ರಿಪೇರಿ ಆಯಿತು. ಬೆಳಿಗ್ಗೆ ಕೊಟ್ಟಾಗ ಕೊಡೆ ರಿಪೇರಿ ಅಂಗಡಿಯ ಝೆನೊ, "ಮಳೆ ಆದ್ಮೇಲೆ ಬನ್ನಿ ತಾತ" ಅಂದಿದ್ದ. ನಮ್ಮ ಬೆಲೆಂ ಊರಲ್ಲಿ ಮಾತು ಕೊಡುವುದೇ ಹಾಗಲ್ಲವೇ, ಮಧ್ಯಾಹ್ನದ ಮಳೆಗೆ ಮುಂಚೆ, ಇಲ್ಲವೇ ಆಮೇಲೆ. ಅವನ ಅಂಗಡಿಯ ಹಿಂದಿನ ಬೀದಿಯ ಮಾವಿನ ಮರದಡಿ ಐದು ಗಂಟೆಯವರೆಗೂ ಕಾದೆ. ದೂರದಲ್ಲಿ ಕಾಡು ಸುಡುವ ಹೊಗೆ ಬಂತು, ಮಳೆ ಬರಲಿಲ್ಲ. ಎದ್ದು ಹೋದರೆ ಅವನು ಬಾಗಿಲು ಹಾಕುತ್ತಿದ್ದ.

"ಎಲ್ಲಿ ಹೋಗಿದ್ರಿ? ಮಳೆ ಆದ್ಮೇಲೆ ಅಂದ್ರೆ ಈಗೀಗ ಮೂರು ಗಂಟೆಗೆ ಅಂತ ಅರ್ಥ. ಮಳೆ ಕಾಯ್ತಾ ಕೂತ್ರೆ ನನ್ನ ಅಂಗಡಿ ನಡೆದ ಹಾಗೇ" ಎಂದು ನಕ್ಕ. ನಾನೂ ನಕ್ಕೆ.

ಅಪ್ಪನ ಕಾಡಿಗೆ ನಾನು ಬೆಂಕಿ ಇಟ್ಟು ದನಕ್ಕೆ ಹುಲ್ಲು ಬಿತ್ತಿದ ವರ್ಷ ನೀನು ಅಂದಿದ್ದೆ: "ಮರದ ಬೆವರೇ ಕಣೋ ಮೋಡ ಆಗೋದು. ನೂರು ವರ್ಷ ಅವು ಮೈಯಲ್ಲಿ ಕೂಡಿಟ್ಟಿದ್ದನ್ನ ಮೂರು ದಿನದಲ್ಲಿ ಹೊಗೆ ಮಾಡಿದ್ಯಲ್ಲೋ."

"ಹಂಗಾದ್ರೆ ನೀನೇ ಬೆವರು ಸುರಿಸಿ ಮಳೆ ತರ್ಸು" ಎಂದೆ. ನೀನು ಈ ಕೊಡೆಯನ್ನೂ ಬಿಟ್ಟು ದೋಣಿ ಹತ್ತಿ ಹೊರಟುಹೋದೆ.

ಆರು ವರ್ಷದ ಮೇಲೆ ನೀನು ಆಸ್ಪತ್ರೆಯಿಂದ ಒಂದೇ ಸಲ ಫೋನ್ ಮಾಡಿದೆ. "ಮಳೆ ಆದ್ಮೇಲೆ ಬಾರೋ" ಅಂದೆ. ನಾನು ಬಂದಾಗ ನಿನ್ನ ಮಂಚ ಖಾಲಿಯಾಗಿತ್ತು.

ಅವತ್ತೂ ನಾನು ಮಳೆಗೇ ಕಾದೆ, ಅಕ್ಕಾ.