ಹೆಸರಿಗೆ ಅದ್ದಿದ ಮಸಿ

ಅಫಜಲಪುರ ಮುಕ್ಕಾಮು
ತಾರೀಖು ೧೨ನೇ ಡಿಸೆಂಬರ್ ೧೯೪೮, ರವಿವಾರ

೧. ಅರಿಕೆ ಮಾಡಿಕೊಳ್ಳುವವನು: ಖಂಡಪ್ಪ, ವಯಸ್ಸು ಅರವತ್ತೆಂಟು; ಆಳಂದದ ಕಚೇರಿ ಕಟ್ಟೆಯ ಮೇಲೆ ನಲವತ್ತೊಂದು ವರ್ಷ ಅರ್ಜಿಗಳ ನಕಲು ತೆಗೆದವನು.
೨. ಅರಿಕೆ ಯಾರಿಗೆ: ಸದರಿಯವನ ಒಬ್ಬಳೇ ಮಗಳು ತುಳಜಾಬಾಯಿ, ಗಂಡ ಚಂದ್ರಾಮ, ವಾಸ ಕೊಳಕೂರ, ತಾಲೂಕು ಜೇವರ್ಗಿ.
೩. ವಿಷಯ: ನಿನ್ನೆ ಶನಿವಾರ ಚಂದ್ರಾಮನು ಆಳಂದದಿಂದ ಅಫಜಲಪುರದವರೆಗೆ ಓಡಿದ್ದು, ಅರ್ಜಿದಾರನು ಅದನ್ನು ಕಂಡದ್ದು.
೪. ಕೋರಿಕೆ: ಕೊನೆಯಲ್ಲಿದೆ.

ಚಿರಂಜೀವಿ ಸೌಭಾಗ್ಯವತಿ ತುಳಜಾಬಾಯಿಗೆ ತಂದೆಯ ಆಶೀರ್ವಾದಗಳು.

ಐದು ವರ್ಷಗಳ ಮೇಲೆ ಮಗಳಿಗೆ ಬರೆಯುವ ಕಾಗದವನ್ನು ಹೇಗೆ ಆರಂಭಿಸಬೇಕೆಂಬುದು ತಿಳಿಯದೆ, ಕೈಗೆ ರೂಢಿಯಾದ ರೀತಿಯಲ್ಲೇ ಆರಂಭಿಸಿದ್ದೇನೆ. ನಗಬೇಡ.

ಕಳೆದ ವಾರ ನಿನ್ನ ಗಂಡ ನನ್ನ ಬಾಗಿಲಿಗೆ ಬಂದು ನಿಂತಾಗ ನಾನು ಒಳಗೆ ಬಾ ಎನ್ನಲಿಲ್ಲ. ಅವನೂ ಹೊಸ್ತಿಲು ದಾಟಲಿಲ್ಲ. ನಿಂತಲ್ಲಿಂದಲೇ ವಿಷಯ ತಿಳಿಸಿದ. ಸರಕಾರ ಬದಲಾಗಿದೆ. ಊರೂರಿಗೆ ಚೀಲ ಹೊತ್ತು ಓಡುವ ಟಪಾಲು ಹರಕಾರರನ್ನು ಹೊಸದಾಗಿ ಆರಿಸುತ್ತಾರೆ. ಇದೇ ಇಪ್ಪತ್ತಕ್ಕೆ ಅಫಜಲಪುರದಲ್ಲಿ ಪರೀಕ್ಷೆ. ಆದರೆ ಹಳೆಯ ದಫ್ತರದಲ್ಲಿ ಅವನ ಮೇಲಿನ ತಕರಾರು ಅರ್ಜಿ ಇನ್ನೂ ಕೂತಿದೆ: ಈತನಿಗೆ ಉಬ್ಬಸವಿದೆ, ಚೀಲ ಹೊತ್ತು ಓಡಲಾರ. ಐದು ವರ್ಷದ ಹಿಂದೆ ಅದೇ ಕಾಗದ ಅವನ ನೌಕರಿಯನ್ನು ತಪ್ಪಿಸಿತು. ಈ ಸಲ ದೂರದ ಓಟವೊಂದನ್ನು ಪೂರಾ ಕಂಡ ಹಿರಿಯರು ಬರೆದುಕೊಟ್ಟರೆ ಸಾಹೇಬರು ಮರುವಿಚಾರ ಮಾಡುತ್ತಾರಂತೆ.

“ನೀವ ಕಂಡು ಬರೀಬೇಕ್ರಿ ಮಾವಾ,” ಎಂದ. “ಬ್ಯಾರೇದವ್ರು ಬರದ್ರ ಸಾಹೇಬ್ರು ನಂಬ್ತಾರ. ನೀವು ಬರದ್ರ ತುಳಜಾನೂ ನಂಬ್ತಾಳ.”

ಆ ತಕರಾರು ಅರ್ಜಿ ನನ್ನ ಅಕ್ಷರದಲ್ಲಿತ್ತೆಂಬುದು ನಿನಗೆ ಗೊತ್ತು. ಅದು ಗೊತ್ತಾದ ದಿನದಿಂದಲೇ ನೀನು ತವರಿನ ದಾರಿ ಬಿಟ್ಟೆ. ಆಗ ಹೇಳಿ ಕಳಿಸಿದ್ದನ್ನೇ ಈಗಲೂ ಹೇಳುತ್ತೇನೆ. ಇನ್ನೊಬ್ಬ ಉಮೇದುವಾರ ಉರ್ದುವಿನಲ್ಲಿ ಕರಡು ತಂದ. ನಾನು ನಕಲು ತೆಗೆದೆ. ನನ್ನ ಉರ್ದು ಕೈಯ ಉರ್ದು, ತಲೆಯದಲ್ಲ. ಅಕ್ಷರದ ಬಳುಕು ಬಲ್ಲೆ, ಒಳಗಿನ ಅರ್ಥ ಬಲ್ಲವನಲ್ಲ. ನಾನು ಬರೆಯುವವರ ಮನೆಯ ಅಳಿಯ ಬೇಕೆಂದದ್ದು, ನೀನು ಕಾಗದ ಹೊರಲು ಹೊರಟವನನ್ನು ಒಪ್ಪಿದ್ದು, ಅದರಿಂದ ನಾನು ನೊಂದದ್ದು ಎಲ್ಲವೂ ನಿಜ. ಆದರೆ ಅದು ಬೇರೆ ವಿಷಯ.

ಇನ್ನು ಓಟದ ಹಕೀಕತ್ತು.

ಹೊತ್ತು ಮೂಡುವ ಮುಂಚೆ ಹತ್ತು ಸೇರು ಜೋಳ ತುಂಬಿದ ಚೀಲವನ್ನು ಬೆನ್ನಿಗೆ ಬಿಗಿದುಕೊಂಡು, ಗೆಜ್ಜೆ ಕಟ್ಟಿದ ಕೋಲು ಹಿಡಿದು, ಬರಿಗಾಲಲ್ಲಿ ಹೊರಟ. ನಾನು ಕರೀಮಸಾಬನ ಟಾಂಗಾದಲ್ಲಿ ಹಿಂದೆ. ಮೊದಲ ಎರಡು ಕೋಸು ಅವನು ಓಡುತ್ತಿದ್ದಾನೆಂದೇ ನನಗೆ ಅನ್ನಿಸಲಿಲ್ಲ, ಅಷ್ಟು ಸಾವಕಾಶ. ಜಿಡಗಾದ ದಾರಿ ಒಡೆಯುವಲ್ಲಿ ಬಿಸಿಲು ಬಿತ್ತು. ಎರಡೂ ಕಡೆ ಜೋಳ ತೆನೆ ಹಿಡಿದು ಆಳೆತ್ತರ ನಿಂತಿತ್ತು. ತೊಗರಿಯ ಹೊಲದಲ್ಲಿದ್ದ ಹೆಣ್ಣುಮಕ್ಕಳು ಗೆಜ್ಜೆಯ ಸಪ್ಪಳಕ್ಕೆ ಎದ್ದು ನೋಡಿದರು. ಒಬ್ಬಳು “ಯಾರ ಕಾಗದ ತಂದೀಯೋ ಯಪ್ಪಾ?” ಎಂದು ಕೂಗಿದಳು. “ಜೋಳ ಐತಬೇ, ಕಾಗದ ಮುಂದಿನ ತಿಂಗಳ!” ಎಂದು ಓಡುತ್ತಲೇ ಉತ್ತರ ಕೊಟ್ಟ. ಉಬ್ಬಸದವನಿಗೆ ಓಡುತ್ತ ಅಷ್ಟು ಮಾತು ಬಾರದು. ಅದನ್ನು ಗುರುತು ಮಾಡಿಕೊಂಡೆ.

ಕರೀಮಸಾಬನ ಬಾಯಿ ನಿನಗೆ ಗೊತ್ತೇ ಇದೆ. “ಖಂಡಪ್ಪಾ, ಉಬ್ಬಸದವ ಅಲ್ಲಿ ಹಾರಾಕತ್ತಾನ, ನನ್ನ ಕುದುರಿ ಇಲ್ಲಿ ತೇಕಾಕತ್ತೈತಿ. ಇದರ ಮ್ಯಾಲೂ ಒಂದು ಅರ್ಜಿ ಬರೀ,” ಎಂದ.

ಎಂಟನೆಯ ಕೋಸಿನ ಹಳ್ಳದಲ್ಲಿ ಟಾಂಗಾದ ಗಾಲಿ ಎರೆಮಣ್ಣಿನಲ್ಲಿ ಹೂತಿತು. ಚಂದ್ರಾಮ ಆಗಲೇ ದಿನ್ನೆ ಏರಿ ಕಣ್ಮರೆಯಾಗಿದ್ದ. ಪೂರಾ ಕಂಡೆನೆಂದು ಬರೆಯಬೇಕಾದವನು ನಾನು. ಇಳಿದು, ಧೋತರ ಎತ್ತಿ ಕಟ್ಟಿ, ಗೆಜ್ಜೆಯ ಸಪ್ಪಳದ ಬೆನ್ನು ಹತ್ತಿದೆ. ಹೌದು, ಓಡಿದೆ. ಕಾಲು ಕೋಸು ಹೋಗಿರಲಿಲ್ಲ, ಎದೆ ಕಟ್ಟಿತು, ಗಂಟಲಲ್ಲಿ ಸಿಳ್ಳು ಎದ್ದಿತು. ಅದೇ ಹೊತ್ತಿಗೆ ದಿನ್ನೆಯ ಆಚೆ ಗೆಜ್ಜೆಯೂ ನಿಂತಿತು. ಅರ್ಜಿಯಲ್ಲಿ ಬರೆದದ್ದು ಅವನಿಗೆ ನಿಜವೇ ಆಯಿತೇನೋ ಎಂದು ಕಣ್ಣು ಕತ್ತಲಿಟ್ಟು ಬಾಂದುಗಲ್ಲಿನ ಮೇಲೆ ಕುಸಿದೆ.

ಗೆಜ್ಜೆ ತಿರುಗಿ ಬಂತು. ಟಾಂಗಾದ ಸಪ್ಪಳ ಕೇಳಿಸಲಿಲ್ಲವೆಂದು ಅವನು ಬಂದ ದಾರಿಯನ್ನೇ ಮತ್ತೆ ಓಡಿ ಬಂದಿದ್ದ, ಚೀಲವನ್ನೂ ಇಳಿಸದೆ. ನನ್ನ ಬೆನ್ನು ನೀವಿದ, ತನ್ನ ಪಾಲಿನ ನೀರು ಕುಡಿಸಿದ. “ನೀ ನಡಿಯೋ, ಹೊತ್ತಾಕ್ಕೈತಿ,” ಎಂದೆ. “ನೀವು ಕಾಣದ್ದು ಓಡಿ ಏನ್ ಮಾಡ್ಲಿರಿ ಮಾವಾ? ಕೂಡ್ರಿ, ಉಸಿರು ಹತ್ಲಿ,” ಎಂದ. ಗಾಲಿ ಎತ್ತಿಸಿಕೊಂಡು ಬಂದ ಕರೀಮಸಾಬ ನಮ್ಮಿಬ್ಬರನ್ನೂ ನೋಡಿ, “ಉಬ್ಬಸ ಯಾರಿಗದ ಅಂತ ಈಗ ತಿಳೀತು ಬಿಡು,” ಎಂದವನು ಮುಂದೆ ದಾರಿಯುದ್ದಕ್ಕೂ ಹಾಸ್ಯ ಮಾಡಲಿಲ್ಲ. ನನ್ನ ಮುಖದಲ್ಲಿ ಏನು ಕಂಡನೋ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಫಜಲಪುರ ಮುಟ್ಟಿದೆವು. ಹದಿನಾರು ಕೋಸು, ಅಂದರೆ ಮೂವತ್ತೆರಡು ಮೈಲಿ; ನನಗಾಗಿ ತಿರುಗಿ ಬಂದದ್ದು ಸೇರಿ ಅವನ ಲೆಕ್ಕಕ್ಕೆ ಒಂದು ಕೋಸು ಹೆಚ್ಚು.

ಸಂಜೆ ಇಲ್ಲಿ ಇಳಿದುಕೊಂಡ ಚಾವಡಿಯಲ್ಲಿ ಪ್ರಮಾಣಪತ್ರ ಬರೆಯಲು ಕೂತೆ. ಸಾಹೇಬರ ಕಣ್ಣು ಮೊದಲು ಹೆಸರಿನ ಮೇಲೆ ಬೀಳಲೆಂದು ಹೆಸರು ಬಂದಲ್ಲಿ ಲೇಖಣಿಯನ್ನು ಹೊಸದಾಗಿ ಅದ್ದುವುದು ನಮ್ಮ ಕಸುಬಿನ ರೀತಿ. ಏಳು ವರ್ಷದವಳಿದ್ದಾಗ ನೀನು ಮಸಿಯ ದೌತಿ ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದೆ. “ಹೆಸರು ಬಂತವಾ” ಎಂದರೆ ದೌತಿ ಮುಂದೆ ಸರಿಸುತ್ತಿದ್ದೆ. ಒಂದು ಸಲವೂ ಚೆಲ್ಲಲಿಲ್ಲ. ನಿನ್ನೆ ಚಂದ್ರಾಮನ ಹೆಸರಿಗೆ ಬಂದಾಗ ಬಾಯಿ ತಾನಾಗಿ ಅದೇ ಮಾತು ಆಡಿತು. ಚಾವಡಿಯಲ್ಲಿ ಯಾರೂ ಇರಲಿಲ್ಲ.

ಕೋರಿಕೆ ಇಷ್ಟೇ: ಇಪ್ಪತ್ತಕ್ಕೆ ನೀನೂ ಹೊಳೆ ದಾಟಿ ಬಾ. ಅವನು ಓಡುವುದನ್ನು ನೋಡು. ಪ್ರಮಾಣಪತ್ರ ಹಿಡಿದು ನಾನು ಅಲ್ಲಿರುತ್ತೇನೆ. ನನ್ನೊಡನೆ ಮಾತಾಡಲೇಬೇಕೆಂಬ ಆಗ್ರಹವಿಲ್ಲ.

ಈ ಕಾಗದವನ್ನು ಚಂದ್ರಾಮನ ಕೈಯಲ್ಲೇ ಕೊಡುತ್ತಿದ್ದೇನೆ. ಇಂದು ಊರಿಗೂ ಓಡಿಯೇ ಬರುತ್ತಾನಂತೆ.

ಇಂತು ನಿನ್ನ ತಂದೆ
ಖಂಡಪ್ಪ

ತಾ.ಕ.: ರುಜು ಮಾಡಿದ ಮೇಲೂ ಕಾಗದ ಮಡಿಸಲಾಗಲಿಲ್ಲ. ನಾನು ಬರೆದ ಪ್ರತಿಯೊಂದು ಅರ್ಜಿಗೂ ಜೋಡಿ ಪ್ರತಿ ಇಟ್ಟುಕೊಳ್ಳುವುದನ್ನು ನೀನು ಬಲ್ಲೆ. ಆಳಂದ ಬಿಡುವಾಗಲೇ ಜೇಬಿಗೆ ಹಾಕಿಕೊಂಡಿದ್ದ ಆ ತಕರಾರಿನ ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ. ನಿನಗೆ ಉರ್ದು ಬಾರದು, ಬರಬೇಕಾಗಿಲ್ಲ. ನಾಲ್ಕನೆಯ ಸಾಲಿನಲ್ಲಿ ಒಂದು ಶಬ್ದ ಮಿಕ್ಕವಕ್ಕಿಂತ ಕಪ್ಪಾಗಿದೆ, ನೋಡು. ಅದು ಚಂದ್ರಾಮನ ಹೆಸರು. ಅರ್ಥ ತಿಳಿಯದವನ ಕೈ ಹೊಸ ಮಸಿಗೆಂದು ಅಲ್ಲಿ ನಿಲ್ಲುತ್ತಿರಲಿಲ್ಲ. ಅಂದು ದೌತಿ ಹಿಡಿಯಲು ನೀನಿರಲಿಲ್ಲ. ನಾನೇ ಕೈ ಚಾಚಿ ಎಳೆದುಕೊಂಡೆ.

ತಾನು ಏನು ಹೊತ್ತು ತಂದನೆಂಬುದು ಅವನಿಗೆ ಗೊತ್ತಿಲ್ಲ. ಅವನು ನೀರು ಕುಡಿದ ಮೇಲೆ ಪೂರಾ ಓದಿ ಹೇಳು, ಇದನ್ನೂ ಬಿಡದೆ. ಇಪ್ಪತ್ತಕ್ಕೆ ಈ ಪ್ರತಿಯನ್ನು ತರಬೇಕು. ಗೊತ್ತಿದ್ದೂ ಸುಳ್ಳು ಬರೆದೆನೆಂದು ಸಾಹೇಬರ ಮುಂದೆ ನಾನೇ ಹೇಳುತ್ತೇನೆ. ನೀನು ಬಾರದಿದ್ದರೂ ಅವನ ಕೈಯಲ್ಲಿ ಕಳಿಸು.

(ಸಹಿ) ಖಂಡಪ್ಪ, ನಕಲು ಬರೆಯುವವನು, ಆಳಂದ

ಲಗತ್ತು: ಒಂದು. ತಕರಾರು ಅರ್ಜಿಯ ಜೋಡಿ ಪ್ರತಿ, ಉರ್ದು, ಪುಟ ೧, ಅರಿಕೆ ಮಾಡಿಕೊಳ್ಳುವವನ ಸ್ವಂತ ಅಕ್ಷರದಲ್ಲಿ.