ಡೈಪರ್ ಕುಡಿದ ನೀರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಪುಟ್ಟೀ,

ಹೇಗಿದ್ದೀಯಮ್ಮ? ಹಾಸ್ಟೆಲಿನಲ್ಲಿ ಆ ಕಿಟಕಿ ಪಕ್ಕದ ಮಂಚ ಬದಲಾಯಿಸಿಕೊಂಡೆಯಾ, ಇಲ್ಲಾ ಇನ್ನೂ ಅಲ್ಲೇ ಮಲಗಿ ಕೆಮ್ಮುತ್ತಿದ್ದೀಯಾ? ಓದುವ ಭರದಲ್ಲಿ ಊಟ ಬಿಡಬೇಡ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದದ್ದೆಲ್ಲ ಗಟ್ಟಿಮುಟ್ಟು. ಗುಂಡ ಚೆನ್ನಾಗಿದ್ದಾನೆ. ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿನ್ನ ಎದೆ ಹೊಡೆದುಕೊಳ್ಳುತ್ತದೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಕೂಗಾಡುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ಎಕ್ಸ್-ರೇ ತರಬೇತಿಗೆ ಹೊರಟ ದಿನ ಬಸ್ಸಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನೆನಪಿದೆ. "ಅಪ್ಪಾ, ಮಗೂಗೆ ಸ್ವಲ್ಪ ಹುಷಾರಿಲ್ಲ ಅಂದ್ರೂ ಕೋರ್ಸು ಬಿಟ್ಟು ಬಂದ್ಬಿಡ್ತೀನಿ. ಮುಚ್ಚಿಡಬಾರ್ದು." ಆಗಲಿ ಅಂತ ಮಾತು ಕೊಟ್ಟಿದ್ದೆ. ಅಳಿಯಂದಿರು ಲಾರಿ ಇಳಿದು ಮನೆ ಕಡೆ ಬರುವುದು ಹದಿನೈದು ದಿನಕ್ಕೊಮ್ಮೆ. ಹಾಗಾಗಿ ನಿನ್ನ ಹನ್ನೊಂದು ತಿಂಗಳ ಕೂಸು, ನಲವತ್ತು ವರ್ಷ ಗಾರೆ ಕಲಸಿದ ಈ ಮುದುಕನ ಕೈಗೆ ಬಿತ್ತು. ಹೋದ ತಿಂಗಳು ತೂಕ ನೋಡಿಸಲು ಹೋದಾಗ ಡಾಕ್ಟರಮ್ಮ ಒಂದು ಕಾರ್ಡು ಕೊಟ್ಟಿದ್ದರು. ಅದರಲ್ಲಿ ಡೈಪರಿನೊಳಗಿನ ಕಕ್ಕದ ಫೋಟೋಗಳು, ನಾಲ್ಕು ಬಗೆ. ದಿನಾ ಯಾವುದಕ್ಕೆ ಹೊಂದುತ್ತದೋ ಆ ನಂಬರು ಬರೆದಿಡಬೇಕು. ಮೊದಲು ನಗು ಬಂತು. ಆಮೇಲೆ ನೋಡಿದರೆ ಇದು ನನ್ನದೇ ವಿದ್ಯೆ! ಹದ ನೋಡುವುದು ಬಿಟ್ಟು ಜೀವಮಾನದಲ್ಲಿ ನಾನು ಬೇರೇನು ಮಾಡಿದ್ದೇನೆ? ಒಂದನೇದು ಜಲ್ಲಿ, ಎರಡನೇದು ಇಟ್ಟಿಗೆ ಕಟ್ಟುವ ಗಾರೆ, ಮೂರನೇದು ಗೋಡೆಗೆ ಬಳಿಯುವ ತೆಳು ಗಿಲಾವು, ನಾಲ್ಕನೇದು ಬಕೆಟ್ ತೊಳೆದ ನೀರು. ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ನಂಬರು ಬರೆದೆ, ಒಂದು ದಿನವೂ ತಪ್ಪಿಸಲಿಲ್ಲ.

ಹೋದ ಬುಧವಾರ ಗುಂಡ ಮಂಕಾದ. ಹಾಲಿನ ಬಾಟಲಿ ತಳ್ಳಿದ. ಸಂಜೆಯೊಳಗೆ ಐದು ಡೈಪರ್ ಬದಲಾಯಿಸಿದೆ. ಬಿಚ್ಚಿ ನೋಡಿದರೆ ಮೇಲೆ ಸ್ವಲ್ಪವೇ, ಅಂಟಂಟಾಗಿ, ಗಟ್ಟಿಯಾಗಿಯೇ ಇತ್ತು. ಎರಡು ಅಂತ ಬರೆದೆ. ಡೈಪರ್ ಭಾರವಾಗಿತ್ತು, ಉಚ್ಚೆ ಇರಬೇಕು ಅಂದುಕೊಂಡೆ. ಪಕ್ಕದ ಮನೆಯ ಟೀಚರಮ್ಮನೂ ಇಣುಕಿ ನೋಡಿ "ಹಲ್ಲು ಬರ್ತಿರ್ಬೇಕು ಬಿಡಿ ಮೇಸ್ತ್ರೀ" ಅಂದರು. ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ನರ್ಸಮ್ಮ ಡೈಪರಿನ ಪಕ್ಕ ಕಾರ್ಡು ಹಿಡಿದು ನೋಡಿ "ಎರಡೇ ಅಜ್ಜ, ಭೇದಿ ಅಲ್ಲ" ಅಂದಳು. ವಾಪಸು ಬಂದೆ. ಆದರೆ ಮಗು ಅತ್ತರೆ ಕಣ್ಣೀರು ಬರುತ್ತಿಲ್ಲ, ನಾಲಿಗೆ ಒಣಗಿದೆ. ಮೈಯೊಳಗಿನ ನೀರು ಹೋಗುತ್ತಿರುವುದಾದರೂ ಎಲ್ಲಿಗೆ?

ಆಗ ಹೊಳೆಯಿತು ನೋಡು. ನೆನೆಸದ ಇಟ್ಟಿಗೆಯ ಮೇಲೆ ಎಷ್ಟೇ ತೆಳು ಗಾರೆ ಹಾಕಿದರೂ ಇಟ್ಟಿಗೆ ಅದರ ನೀರನ್ನೆಲ್ಲ ಕುಡಿದುಬಿಡುತ್ತದೆ, ಮೇಲೆ ಉಳಿದ ಗಾರೆ ಬಿಗಿದುಕೊಳ್ಳುತ್ತದೆ. ಈ ಡೈಪರೂ ಒಣ ಇಟ್ಟಿಗೆಯೇ! ನಾವೆಲ್ಲ ನೋಡುತ್ತಿದ್ದದ್ದು ಅದು ಕುಡಿದು ಮಿಕ್ಕಿದ್ದನ್ನು. ತಕ್ಷಣ ಡೈಪರ್ ಬಿಚ್ಚಿ ಎಸೆದೆ. ಊಟದ ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಸಿ ಮಗುವನ್ನು ಮಲಗಿಸಿದೆ. (ನಿನ್ನ ಇಷ್ಟದ ಹೂವಿನ ಹಾಳೆಯೇ ಅದು, ಬೈಯಬೇಡ, ಹೊಸದು ತರುತ್ತೇನೆ.) ಅರ್ಧ ಗಂಟೆಯೊಳಗೆ ಗೊತ್ತಾಯಿತು. ಬರೀ ನೀರು, ನಾಲ್ಕನೇ ನಂಬರು. ಹಾಳೆಯನ್ನು ಹಾಗೇ ಮಡಚಿ ಬಕೆಟ್ಟಿಗೆ ಹಾಕಿ, ಒಂದು ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಮಗು, ಸೀದಾ ಡಾಕ್ಟರಮ್ಮನ ಕೋಣೆಗೇ ನುಗ್ಗಿದೆ. ಅವರು ಹಾಳೆ ನೋಡಿದರು, ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು, ಕೂಡಲೇ ಡ್ರಿಪ್ ಹಾಕಿಸಿದರು. "ಮೇಸ್ತ್ರಿಗಳೇ, ನಾಳೆ ಬಂದಿದ್ರೆ ಕಷ್ಟ ಇತ್ತು" ಅಂದರು. ನಾಲ್ಕು ದಿನ ವಾರ್ಡಿನಲ್ಲಿದ್ದು ನಿನ್ನೆ ಮನೆಗೆ ಬಂದೆವು. ಈ ನಾಲ್ಕು ದಿನ ನಿನ್ನಿಂದ ಮುಚ್ಚಿಟ್ಟೆ, ಅದು ನನ್ನ ತಪ್ಪು.

ಆ ನರ್ಸಮ್ಮನ ಮೇಲೆ ನನಗೆ ಕೋಪವಿಲ್ಲ, ನಾನೂ ಅದೇ ಎರಡು ಬರೆದವನಲ್ಲವೇ? ಪಾಪ, ಅವಳೇ ದಿನಕ್ಕೆ ಹತ್ತು ಸಲ ಬಂದು ಗುಂಡನ ಕೆನ್ನೆ ಸವರಿ ಹೋಗುತ್ತಿದ್ದಳು. ಇನ್ನು ನಿನ್ನ ಅಪ್ಪನ ದರ್ಬಾರು ಕೇಳು. ನಿನ್ನೆ ಹೊರಡುವ ಮುಂಚೆ ಡಾಕ್ಟರಮ್ಮ ವಾರ್ಡಿನ ತಾಯಂದಿರನ್ನೆಲ್ಲ ಸೇರಿಸಿ, "ಇವರು ಹೇಳ್ತಾರೆ ಕೇಳಿ" ಅಂದುಬಿಟ್ಟರು. ನಾನು ಬಿಡುತ್ತೇನೆಯೇ? ಆಸ್ಪತ್ರೆ ಪಕ್ಕದಲ್ಲೇ ಗೋಡೆ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿಯಿಂದ ಒಂದು ಒಣ ಇಟ್ಟಿಗೆ, ಒಂದು ನೆನೆಸಿದ ಇಟ್ಟಿಗೆ, ಒಂದು ಬಾಣಲಿ ಗಾರೆ ತಂದೆ. ಎರಡರ ಮೇಲೂ ಒಂದೇ ಗಾರೆ ಹಾಕಿ ಬೆರಳಾಡಿಸಿ ತೋರಿಸಿದೆ. ಒಂದರ ಮೇಲೆ ಬಿಗಿಯಿತು, ಇನ್ನೊಂದರ ಮೇಲೆ ಹರಿಯಿತು. ಹನ್ನೆರಡು ಜನ ತಾಯಂದಿರು ಬಾಯಿಬಿಟ್ಟು ನೋಡುತ್ತಿದ್ದರು. ಅನುಮಾನ ಬಂದರೆ ಡೈಪರ್ ಬಿಚ್ಚಿ ಪ್ಲಾಸ್ಟಿಕ್ ಹಾಳೆ ಹಾಸಿ ನೋಡಿ, ಅಂದೆ. ನಲವತ್ತು ವರ್ಷದಲ್ಲಿ ಎಷ್ಟೋ ಗೋಡೆ ಎಬ್ಬಿಸಿದ್ದೇನೆ, ಆದರೆ ನಿನ್ನೆ ಆದಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ನಿನ್ನೆ ಬೆಳಿಗ್ಗೆ ಗುಂಡನದು ಮೂರು, ಸಂಜೆ ಮನೆಯಲ್ಲಿ ಎರಡು. ಹಾಳೆಯ ಮೇಲೇ ನೋಡಿದ್ದು, ಅಪ್ಪಟ ಎರಡು.

ನಿನ್ನ ಪರೀಕ್ಷೆಗೆ ಇನ್ನು ಒಂಬತ್ತು ದಿನ. ಕೊಟ್ಟ ಮಾತಿನಂತೆ, ತಡವಾಗಿಯಾದರೂ, ನಡೆದದ್ದೆಲ್ಲ ತಿಳಿಸಿದ್ದೇನೆ. ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನಗೆ ಒಳ್ಳೆಯ ನಿದ್ದೆ, ಗಟ್ಟಿ ಧೈರ್ಯ ಎರಡೂ ಸಿಗಲಿ. ಗುಂಡನ ಕಡೆಯಿಂದ ಒಂದು ಎಂಜಲು ಮುತ್ತು.

ಇಂತಿ,
ಆಸ್ಪತ್ರೆಯವರೆಲ್ಲ ಈಗ ಕಕ್ಕ ಮೇಸ್ತ್ರಿ ಅಂತ ಕರೆಯುವ
ನಿನ್ನ ಅಪ್ಪ

ತಾ.ಕ.: ಟೀಚರಮ್ಮ ಕಾಗದ ಪೋಸ್ಟ್ ಮಾಡಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನೀನು ಎಂಟು ತಿಂಗಳವಳಾಗಿದ್ದಾಗ ನಿನ್ನ ಅಮ್ಮನಿಗೂ ಒಂದು ಪರೀಕ್ಷೆ ಇತ್ತು, ಹೊಲಿಗೆ ಟೀಚರ್ ಕೆಲಸದ್ದು. ಒಂದು ವರ್ಷ ಕಲಿತಿದ್ದಳು. ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಾಗ ನಿನಗೆ ಭೇದಿ ಶುರುವಾಯಿತು. "ಮೂರು ಗಂಟೆ ನೋಡ್ಕೊಳ್ರಿ" ಅಂತ ಕೇಳಿದಳು. ನಾನು ಮೂಗು ಮುಚ್ಚಿಕೊಂಡು, ಇದೆಲ್ಲ ಗಂಡಸರ ಕೆಲಸವಾ ಅಂತ ಹೇಳಿ ಕೆಲಸಕ್ಕೆ ಹೊರಟುಹೋದೆ. ಸಂಜೆ ಬಂದಾಗ ಆ ಚೀಲ ಬಾಗಿಲ ಹಿಂದೆ ಹಾಗೇ ನೇತಾಡುತ್ತಿತ್ತು. ಕಣ್ಣು ಮುಚ್ಚುವವರೆಗೂ ಅವಳು ಮತ್ತೆ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ನಿನಗೆ ಬಿಟ್ಟದ್ದು ಅಂತ ಮೇಲೆ ಬರೆದದ್ದು ಸುಳ್ಳು. ಬಸ್ಸು ಹತ್ತಬೇಡ ಮಗಳೇ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಪರೀಕ್ಷೆ ಬರಿ.